ಹದಿನೈದು ಲೀಟರಿನ ಸುಖ

ನಗರಗಳ ನೀರಿನ ಯೋಜನೆ ಮಾಡುವವರು ದಶಕಗಳಿಂದ ಒಂದು ಲೆಕ್ಕ ಇಟ್ಟುಕೊಂಡಿದ್ದಾರೆ. ಒಳಚರಂಡಿ ಇರುವ ಊರಿನಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕು, ಅದರಲ್ಲಿ 55 ಲೀಟರ್ ಸ್ನಾನಕ್ಕೆ ಎಂಬುದು ಆ ಲೆಕ್ಕ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಹಳ್ಳಿಯ ಮನೆಗಳಿಗೆ ನಲ್ಲಿ ಕೊಡಲು ಹೊರಟಾಗ ಇಟ್ಟುಕೊಂಡ ಗುರಿಯೂ ತಲೆಗೆ 55 ಲೀಟರೇ. ಆದರೆ ಹಳ್ಳಿಯವರ 55 ಲೀಟರಿನಲ್ಲಿ ಕುಡಿಯುವುದು, ಅಡುಗೆ, ಪಾತ್ರೆ, ಬಟ್ಟೆ, ಸ್ನಾನ, ಶೌಚ ಎಲ್ಲವೂ ಮುಗಿಯಬೇಕು. ಪಟ್ಟಣದವರು ಮೈತೊಳೆಯಲು ಎಷ್ಟು ನೀರು ಬೇಕೆಂದು ಕಾಗದದ ಮೇಲೆ ಒಪ್ಪಿಕೊಳ್ಳಲಾಗಿದೆಯೋ, ಅಷ್ಟರಲ್ಲಿ ಹಳ್ಳಿಯವರು ಇಡೀ ದಿನ ಕಳೆಯಬೇಕು.

ಈ ಎರಡು ಐವತ್ತೈದುಗಳ ನಡುವೆ ಒಂದು ಮೂಢನಂಬಿಕೆ ಕೂತಿದೆ. ಸ್ನಾನದ ಸುಖ ನೀರಿನ ಪ್ರಮಾಣದಲ್ಲಿದೆ, ನೀರು ಉಳಿಸುವುದೆಂದರೆ ಸುಖವನ್ನು ಬಿಡುವುದು ಎಂಬ ನಂಬಿಕೆ ಅದು. ಮನೆಯಲ್ಲಿ ಇದನ್ನು ಪರೀಕ್ಷಿಸುವ ಅವಕಾಶ ಬರುವುದಿಲ್ಲ, ಏಕೆಂದರೆ ಎಷ್ಟು ನೀರು ಹರಿದುಹೋಯಿತು ಎಂದು ಯಾರೂ ನೋಡುವುದಿಲ್ಲ. ಇದನ್ನು ನಿಷ್ಠುರವಾಗಿ ಪರೀಕ್ಷಿಸುವ ಜಾಗ ಚಕ್ರದ ಮೇಲಿನ ಮನೆ, ಅಂದರೆ ಕಾರವಾನ್ ಅಥವಾ ಟ್ರೇಲರ್. ಅಲ್ಲಿ ನೀರು ಎಷ್ಟಿದೆ ಎಂಬುದು ಹೊರಡುವ ಮೊದಲೇ ತೀರ್ಮಾನವಾಗಿರುತ್ತದೆ.

ವಡೋದರಾದ ದಕ್ಷಿಣ ಭಾಗದ ಮಂಜಲ್‌ಪುರವನ್ನೇ ತೆಗೆದುಕೊಳ್ಳಿ. ಪಕ್ಕದಲ್ಲೇ ಮಕರಪುರಾದ ಕೈಗಾರಿಕಾ ಪ್ರದೇಶ, ಸುತ್ತ ಅಪಾರ್ಟ್‌ಮೆಂಟುಗಳು. ನೀರಿಲ್ಲದ ಊರಲ್ಲ ಇದು. ಮೂರನೆಯ ಸಯಾಜಿರಾವ್ ಗಾಯಕವಾಡರ ಕಾಲದಲ್ಲಿ, 1890ರ ದಶಕದಲ್ಲೇ, ಊರಿಗೆ ಆಜವಾದ ಸಯಾಜಿ ಸರೋವರದ ನೀರು ಬಂತು. ಮುಂದೆ ಮಹೀ ನದಿಯ ಪಾತ್ರದಲ್ಲಿ ತೋಡಿದ ಬಾವಿಗಳ ನೀರೂ ಸೇರಿಕೊಂಡಿತು. 2024ರ ಆಗಸ್ಟ್ ಕೊನೆಯಲ್ಲಿ ವಿಶ್ವಾಮಿತ್ರಿ ಉಕ್ಕಿ ನಗರದ ಬಡಾವಣೆಗಳಿಗೆ ನುಗ್ಗಿತು. ಇಂಥ ಊರಿನಲ್ಲಿ ನೀರು ಉಳಿಸಿ ಎಂದರೆ ಜನ ನಗುವುದು ಸಹಜ. ಆದರೆ ಬಾಗಿಲಲ್ಲಿ ನಿಂತ ನೀರೂ ಬಚ್ಚಲಿಗೆ ಬೇಕಾದ ನೀರೂ ಒಂದೇ ಅಲ್ಲ ಎಂಬುದನ್ನು ಆ ನೆರೆಯೇ ಕಲಿಸಿಹೋಯಿತು. ಶುದ್ಧ ಮಾಡಿ, ಪಂಪಿನಿಂದ ಎತ್ತಿ, ಕಾಯಿಸಿದ ನೀರು ಎಲ್ಲ ಊರಿನಲ್ಲೂ ದುಬಾರಿ.

ಈಗ ಒಂದು ಲೆಕ್ಕ. ಮಂಜಲ್‌ಪುರದಲ್ಲಿ ನೆಲೆಸಿದ ನಾಲ್ವರ ಕನ್ನಡ ಕುಟುಂಬವೊಂದು ಬಾಡಿಗೆಯ ಕಾರವಾನ್‌ನಲ್ಲಿ ಹುಬ್ಬಳ್ಳಿಗೆ ಹೊರಡುತ್ತದೆ ಎಂದಿಟ್ಟುಕೊಳ್ಳಿ. ದಾರಿ ಹುಡುಕಬೇಕಾಗಿಲ್ಲ. ವಡೋದರಾದ ಅಂಚಿನಲ್ಲಿ ಹಾದುಹೋಗುವ 48ನೇ ರಾಷ್ಟ್ರೀಯ ಹೆದ್ದಾರಿಯೇ ಭರೂಚ್, ಸೂರತ್, ಪುಣೆ, ಕೊಲ್ಹಾಪುರ, ಬೆಳಗಾವಿ ಮುಟ್ಟಿ ಹುಬ್ಬಳ್ಳಿಗೆ ತಂದುಬಿಡುತ್ತದೆ. ಸುಮಾರು ಸಾವಿರ ಕಿಲೋಮೀಟರ್, ನಡುವೆ ಕನಿಷ್ಠ ಒಂದು ರಾತ್ರಿ. ಗಾಡಿಯ ಟ್ಯಾಂಕಿನಲ್ಲಿ 100 ಲೀಟರ್ ನೀರಿದೆ ಎನ್ನೋಣ. ಅಂದರೆ ಇಂಜಿನ್ನು ನೂರು ಕಿಲೋ ನೀರನ್ನು ಎಳೆದುಕೊಂಡು ಘಾಟಿ ಹತ್ತಬೇಕು.

ಅಮೆರಿಕದಲ್ಲಿ 1992ರ ಕಾನೂನಿನ ಪ್ರಕಾರ ಶವರಿನ ಗರಿಷ್ಠ ಹರಿವು ನಿಮಿಷಕ್ಕೆ ಸುಮಾರು ಒಂಬತ್ತೂವರೆ ಲೀಟರ್. ಅಂಥ ಶವರನ್ನು ಐದೇ ನಿಮಿಷ ಬಿಟ್ಟರೂ ಒಬ್ಬರಿಗೆ 47 ಲೀಟರ್ ದಾಟುತ್ತದೆ. ಇಬ್ಬರ ಸ್ನಾನಕ್ಕೆ ಟ್ಯಾಂಕು ಬಹುತೇಕ ಖಾಲಿ. ಮೂರನೆಯವರಿಗೆ ಸೋಪು ಹಚ್ಚಿದ ಮೇಲೆ ನೀರಿಲ್ಲ, ನಾಲ್ಕನೆಯವರಿಗೆ ಹಲ್ಲುಜ್ಜಲೂ ಇಲ್ಲ. ಬಳಸಿದ ನೀರೂ ಎಲ್ಲಿಗೂ ಹೋಗಿಲ್ಲ, ಗಾಡಿಯ ಅಡಿಯ ಇನ್ನೊಂದು ಟ್ಯಾಂಕಿನಲ್ಲಿ ಕೂತಿದೆ. ಅದು ಸಣ್ಣದಾಗಿದ್ದರೆ, ಮೇಲಿನದು ಖಾಲಿಯಾಗುವ ಮೊದಲೇ ಕೆಳಗಿನದು ತುಂಬಿ ಬಚ್ಚಲಿನ ಜಾಲರಿಯಲ್ಲಿ ಕೊಳೆನೀರು ಮೇಲೆ ಬರುತ್ತದೆ.

ಇಷ್ಟು ಗೊತ್ತಿದ್ದೂ ಕಾರವಾನಿನ ಜಾಹೀರಾತು ಹೇಳುವುದು ಒಂದೇ ಮಾತು: ಒಳಗೆ ಮನೆಯಂಥದೇ ಶವರ್ ಇದೆ. ವಾದ ಹೂಡಬೇಕಾಗಿರುವುದು ಈ ಮಾತಿನ ಮೇಲೆ. ಮನೆಯ ಶವರನ್ನು ಗಾಡಿಗೆ ತಂದವರು ಅದರ ದೌರ್ಬಲ್ಯಗಳನ್ನೆಲ್ಲ ತಂದರು, ಅವುಗಳನ್ನು ಮುಚ್ಚುತ್ತಿದ್ದ ತಾರಸಿಯ ಟ್ಯಾಂಕನ್ನು ಮಾತ್ರ ತರಲಾಗಲಿಲ್ಲ.

ಆ ದೌರ್ಬಲ್ಯಗಳು ಯಾವುವು? ಮೊದಲನೆಯದು, ಬಿಸಿನೀರು ಬರುವವರೆಗೆ ಪೈಪಿನ ತಣ್ಣೀರು ಸುಮ್ಮನೆ ಹರಿಯುತ್ತದೆ. ಎರಡನೆಯದು, ಸೋಪು ಉಜ್ಜುವಾಗಲೂ ನೀರು ನಿಲ್ಲುವುದಿಲ್ಲ. ನಿಲ್ಲಿಸಿದರೆ ಮತ್ತೆ ಬಿಸಿ ತಣ್ಣಗಿನ ಹದ ಹುಡುಕಬೇಕು, ಆ ಹೆದರಿಕೆಗೇ ಜನ ನಲ್ಲಿ ಮುಟ್ಟುವುದಿಲ್ಲ. ಮೂರನೆಯದು, ಮೈಗೆ ತಾಗುವುದಕ್ಕಿಂತ ಹೆಚ್ಚು ನೀರು ಪಕ್ಕಕ್ಕೆ ಬೀಳುತ್ತದೆ. ಇದಕ್ಕೆ ಪರಿಹಾರವೆಂದು ಮಾರುವ ಕಡಿಮೆ ಹರಿವಿನ ಶವರ್‌ಗಳಲ್ಲೂ ಎಲ್ಲವೂ ಒಳ್ಳೆಯವಲ್ಲ. ನೀರನ್ನು ಮಂಜಿನಷ್ಟು ಸಣ್ಣ ಹನಿ ಮಾಡಿದರೆ ಆ ಹನಿ ತಲೆಯಿಂದ ಕಾಲಿಗೆ ಇಳಿಯುವಷ್ಟರಲ್ಲಿ ಗಾಳಿಯಲ್ಲೇ ಆರುತ್ತದೆ. ನೀರು ಉಳಿಯಿತು, ಮೈ ನಡುಗಿತು. ಉಳಿತಾಯಕ್ಕೆ ಕೆಟ್ಟ ಹೆಸರು ಬಂದಿರುವುದು ಇಂಥ ಸಾಮಾನುಗಳಿಂದಲೇ.

ನೀರು ಎಣಿಸಿ ಬಳಸಬೇಕಾದವರು ಹಿಂದೆಯೇ ಒಂದು ದಾರಿ ಕಂಡುಕೊಂಡಿದ್ದರು. ಸಮುದ್ರದ ನೀರನ್ನು ಸಿಹಿ ಮಾಡಿ ಬಳಸುವ ಯುದ್ಧನೌಕೆಗಳಲ್ಲಿ ನಾವಿಕರ ಸ್ನಾನಕ್ಕೆ ಕ್ರಮವಿದೆ: ಮೈ ನೆನೆಸು, ನೀರು ನಿಲ್ಲಿಸು, ಸೋಪು ಉಜ್ಜು, ಮತ್ತೆ ನೀರು ಬಿಡು. 1973ರಲ್ಲಿ ಹಾರಿದ ಸ್ಕೈಲ್ಯಾಬ್ ಎಂಬ ಅಂತರಿಕ್ಷ ನಿಲ್ದಾಣದ ಶವರಿನಲ್ಲಿ ಒಂದು ಸ್ನಾನಕ್ಕೆ ಮೂರು ಲೀಟರಿಗೂ ಕಡಿಮೆ ನೀರು. ಆದರೆ ಅದರ ತಯಾರಿಗೂ ಆಮೇಲಿನ ಸ್ವಚ್ಛತೆಗೂ ಹಿಡಿದ ಸಮಯ ನೋಡಿದರೆ ಅದನ್ನು ಸುಖ ಎನ್ನಲಾಗದು. ಈಗಿನ ನಿಲ್ದಾಣದಲ್ಲಿ ಶವರೇ ಇಲ್ಲ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುತ್ತಾರೆ. ನೀರು ಕಡಿಮೆ ಮಾಡುತ್ತ ಹೋದರೆ ಒಂದು ಹಂತದಲ್ಲಿ ಸುಖ ನಿಜವಾಗಿಯೂ ತಪ್ಪುತ್ತದೆ ಎಂಬುದನ್ನು ಒಪ್ಪಬೇಕು. ಆ ಹಂತ ಎಲ್ಲಿದೆ ಎಂಬುದೇ ಪ್ರಶ್ನೆ. ಐವತ್ತೈದು ಲೀಟರಿನ ಹತ್ತಿರವಂತೂ ಇಲ್ಲ.

ಉತ್ತರ ಕನ್ನಡ ನಾಡಿನ ಬಚ್ಚಲಿನಲ್ಲಿದೆ. ಹಂಡೆಯಲ್ಲಿ ಕಾದ ನೀರು, ಪಕ್ಕದಲ್ಲಿ ತಣ್ಣೀರು, ಒಂದು ಬಕೆಟ್ಟು, ಒಂದು ಚೊಂಬು. ಬೆರಕೆ ಮಾಡಿ, ಕೈಯದ್ದಿ ನೋಡಿ, ಹದ ಬಂದ ಮೇಲೆಯೇ ಮೊದಲ ಚೊಂಬು ಮೈಮೇಲೆ. ಶವರಿನ ದೌರ್ಬಲ್ಯಗಳಲ್ಲಿ ಒಂದೂ ಇಲ್ಲಿಲ್ಲ. ಪೈಪಿನ ತಣ್ಣೀರು ಬಕೆಟ್ಟಿಗೇ ಬಿದ್ದು ಬೆರಕೆಗೆ ಒದಗುತ್ತದೆ. ಸೋಪು ಹಚ್ಚುವಾಗ ನೀರು ತಾನಾಗಿ ನಿಂತಿರುತ್ತದೆ. ಚೊಂಬಿನ ನೀರು ಒಟ್ಟಾಗಿ ಬೀಳುವುದರಿಂದ ದಾರಿಯಲ್ಲಿ ಆರುವುದಿಲ್ಲ. ಎಷ್ಟು ಉಳಿದಿದೆ ಎಂಬುದು ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಕೊನೆಯ ಎರಡು ಚೊಂಬನ್ನು ಬೆನ್ನಿಗೆಂದು ಎತ್ತಿಡಬಹುದು. ಹದಿನೈದು ಲೀಟರಿನಲ್ಲಿ ತೃಪ್ತಿಯ ಸ್ನಾನ ಮುಗಿಯುತ್ತದೆ. ನೀರು ತುಂಬುವ ಹಬ್ಬದ ಮರುದಿನದ ಎಣ್ಣೆಸ್ನಾನಕ್ಕೆ ಇನ್ನೊಂದು ಬಕೆಟ್ಟು ಸೇರಿಸಿದರೂ ಮೂವತ್ತು.

ವಿದ್ಯುತ್ತಿನ ಲೆಕ್ಕವೂ ಇದರ ಪರವಾಗಿಯೇ ಇದೆ. ಹದಿನೈದು ಲೀಟರ್ ನೀರನ್ನು 20 ಡಿಗ್ರಿಯಿಂದ 40ಕ್ಕೆ ಏರಿಸಲು ಯೂನಿಟ್ಟಿನ ಮೂರನೇ ಒಂದು ಭಾಗದಷ್ಟು ಸಾಕು. ಐದು ನಿಮಿಷದ ಶವರಿಗೆ ಒಂದು ಯೂನಿಟ್ಟಿಗಿಂತ ತುಸು ಹೆಚ್ಚೇ ಬೇಕು. ಬ್ಯಾಟರಿಯನ್ನೋ ಗ್ಯಾಸಿನ ಸಿಲಿಂಡರನ್ನೋ ನಂಬಿಕೊಂಡ ಗಾಡಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಇದಕ್ಕೆ ಬರುವ ಗಟ್ಟಿಯಾದ ಆಕ್ಷೇಪವೊಂದಿದೆ. ಮಂಡಿನೋವಿನ ಅಜ್ಜಿ ಬಕೆಟ್ಟಿಗೆ ಬಗ್ಗಲಾರಳು, ಉದ್ದ ಕೂದಲಿನ ಸೋಪು ಚೊಂಬಿನಲ್ಲಿ ಸುಲಭವಾಗಿ ಹೋಗದು, ಅಲುಗಾಡುವ ಇಕ್ಕಟ್ಟಿನ ಗೂಡಿನಲ್ಲಿ ಕೂರಲು ಜಾಗವಿಲ್ಲ. ಮೂರೂ ನಿಜ. ಆದರೆ ಇವು ಬಕೆಟ್ಟಿನ ತತ್ವಕ್ಕೆ ಬಂದ ಆಕ್ಷೇಪಗಳಲ್ಲ, ಚೊಂಬಿಗೆ ಬಂದವು. ಹದ ಮಾಡಿದ ಬಕೆಟ್ಟಿನೊಳಗೆ ಮುಳುಗುವ, 12 ವೋಲ್ಟಿನಲ್ಲಿ ಓಡುವ ಪುಟ್ಟ ಪಂಪು, ಅದಕ್ಕೊಂದು ಪೈಪು, ತುದಿಯಲ್ಲಿ ಒತ್ತುಗುಂಡಿಯಿರುವ ಕೈಶವರ್, ಗೋಡೆಗೆ ಮಡಚುವ ಒಂದು ಸ್ಟೂಲು ಇದ್ದರೆ ಅಜ್ಜಿ ಕೂತೇ ಸ್ನಾನ ಮಾಡುತ್ತಾಳೆ. ನೀರು ಮೈಗೆ ಹತ್ತಿರದಿಂದ, ಬೇಕಾದಲ್ಲಿಗೆ ಮಾತ್ರ ಬೀಳುತ್ತದೆ. ನಿಮಿಷಕ್ಕೆ ಆರು ಲೀಟರಿನಂತೆ ಮುಕ್ಕಾಲು ನಿಮಿಷ ನೆನೆಸಲು, ಒಂದೂಕಾಲು ನಿಮಿಷ ತೊಳೆಯಲು ಹಿಡಿದರೆ ಹನ್ನೆರಡು ಲೀಟರ್. ನಾಲ್ವರಿಗೆ 48. ಆ ನೂರು ಲೀಟರಿನ ಟ್ಯಾಂಕಿನಲ್ಲಿ ಅಡುಗೆಗೂ ಶೌಚಕ್ಕೂ ಅರ್ಧಕ್ಕಿಂತ ಹೆಚ್ಚು ಉಳಿಯಿತು. ಒಂದು ಎಚ್ಚರಿಕೆ ಮಾತ್ರ ಬೇಕು: ನೀರು ಕಾಯಿಸುವ ಕರೆಂಟಿನ ರಾಡು ಬಕೆಟ್ಟಿನಲ್ಲಿರುವಾಗ ಯಾರೂ ಅದರ ಹತ್ತಿರ ಬರಬಾರದು. ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ರಾಡನ್ನು ಹೊರಗೆ ತೆಗೆದ ಮೇಲೆಯೇ ಪಂಪು ಇಳಿಸಬೇಕು.

ಉಳಿದ ಸುಖವೆಲ್ಲ ನೀರಿಗೆ ಸಂಬಂಧಪಡದ್ದು. ಸ್ನಾನ ಮುಗಿಯುವವರೆಗೆ ಕಿಟಕಿ ಮುಚ್ಚಿದ್ದು ಆವಿ ಒಳಗೇ ಇರಬೇಕು, ಮುಗಿದ ಮೇಲೆ ಫ್ಯಾನು ಹಾಕಬೇಕು. ಕಾಲಿಗೆ ಒದ್ದೆ ಪರದೆ ಅಂಟಬಾರದು. ಒಣ ಟವೆಲು ಕೈಗೆಟುಕಬೇಕು. ಬಾಗಿಲಿಗೆ ಚಿಲಕ ಇರಬೇಕು. ಬಿಸಿ, ಹದ, ಮರೆ, ಅವಸರವಿಲ್ಲದಿರುವುದು: ಸ್ನಾನದ ಸುಖ ಈ ನಾಲ್ಕರಲ್ಲಿದೆ. ಇವುಗಳಲ್ಲಿ ಯಾವುದೂ ಹದಿನೈದನೆಯ ಲೀಟರಿನ ಆಚೆಗಿಲ್ಲ.

ಇಲ್ಲಿಗೆ ವಾದ ನಿಲ್ಲಿಸಿದರೆ ಅದು ರಜೆಗೆ ಹೊರಟವರ ಸಲಹೆಯಾಗಿ ಉಳಿದೀತು. ಆದರೆ 48ನೇ ಹೆದ್ದಾರಿಯಲ್ಲಿ ಚಕ್ರದ ಮೇಲೆ ಬದುಕುವವರು ಕಾರವಾನಿನವರಲ್ಲ, ಲಾರಿಯವರು. ಮಂಜಲ್‌ಪುರದಿಂದ ದೂರವಿಲ್ಲದ ಜಾಂಬುವಾ ಸೇತುವೆಯ ಬಳಿ ಗಾಡಿಗಳು ಸಾಲುಗಟ್ಟಿ ನಿಲ್ಲುವಾಗ ಆ ಸಾಲಿನಲ್ಲಿ ಕೆಎ ನಂಬರಿನವೂ ಇರುತ್ತವೆ. ಅವುಗಳ ಚಾಲಕರು ಹದಿನೈದು ಲೀಟರಿನಲ್ಲಿ ಸ್ನಾನ ಮಾಡುವುದನ್ನು ಯಾರಿಂದಲೂ ಕಲಿಯಬೇಕಾಗಿಲ್ಲ. ಢಾಬಾದ ತೊಟ್ಟಿಯ ಪಕ್ಕ, ಲುಂಗಿ ಸುತ್ತಿಕೊಂಡು, ರಸ್ತೆಯ ಕಡೆಗೆ ಬೆನ್ನು ಹಾಕಿ, ಮಗ್ಗಿನಿಂದ ತಲೆಗೆ ಸುರಿದುಕೊಂಡು ಹೊರಡುತ್ತಾರೆ. ನೀರಿನ ಉಳಿತಾಯ ಅವರಲ್ಲಿ ಪೂರ್ತಿಯಾಗಿದೆ. ಇಲ್ಲದಿರುವುದು ಬಿಸಿನೀರು ಮತ್ತು ಮರೆ.

ಅಂದರೆ ಒಂದೇ ಹೆದ್ದಾರಿಯಲ್ಲಿ, ಒಂದೇ ಪ್ರಮಾಣದ ನೀರಿನಲ್ಲಿ, ಒಬ್ಬರ ಸ್ನಾನ ಪರಿಸರಪ್ರೇಮವಾಗುತ್ತದೆ, ಇನ್ನೊಬ್ಬರದು ಬಡತನವಾಗುತ್ತದೆ. ಈ ಎರಡರ ನಡುವಿನ ಅಂತರ ಒಂದು ಬಾಗಿಲು ಮತ್ತು ಮೂರನೇ ಒಂದು ಯೂನಿಟ್ಟು ಕರೆಂಟು, ಅಷ್ಟೇ.

ಸರ್ಕಾರಕ್ಕೆ ಲಾರಿಯವರ ಮೈ ಕಾಣುವುದೇ ಇಲ್ಲ ಎನ್ನಲಾಗದು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ಸರ್ಕಾರಿ ತೈಲ ಕಂಪನಿಗಳು ಹೆದ್ದಾರಿಯ ಬಂಕುಗಳಲ್ಲಿ ‘ಅಪ್ನಾ ಘರ್’ ಎಂಬ ತಂಗುದಾಣಗಳನ್ನು ತೆರೆದಿವೆ. ಅಲ್ಲಿ ಮಂಚ, ಶೌಚಾಲಯ, ಅಡುಗೆಗೆ ಜಾಗ, ಸ್ನಾನಕ್ಕೊಂದು ಹೌದಾ, ಅಂದರೆ ತೊಟ್ಟಿ, ಇವೆ. ಇದು ಒಳ್ಳೆಯ ಹೆಜ್ಜೆ. ಆದರೆ ತೊಟ್ಟಿಯ ಸುತ್ತ ನಿಂತು ಮೈ ತೊಳೆಯುವ ಸ್ನಾನ ಗಂಡಸರನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡದ್ದು. ಗಂಡನ ಲಾರಿಯಲ್ಲಿ ಜೊತೆಗೆ ಹೊರಟವಳು, ರಾತ್ರಿ ಬಸ್ಸಿನಿಂದ ಇಳಿದವಳು, ಕಬ್ಬು ಕಡಿಯುವ ಕೆಲಸಕ್ಕೆ ಟ್ರ್ಯಾಕ್ಟರಿನಲ್ಲಿ ಹೊರಟ ಕುಟುಂಬದ ಹೆಂಗಸರು ಹೆದ್ದಾರಿಯಲ್ಲಿ ಸ್ನಾನ ಮಾಡುವುದು ಎಲ್ಲಿ?

ನೀರು ಸಾಲದು ಎಂಬ ನೆಪ ಇಲ್ಲಿ ನಡೆಯುವುದಿಲ್ಲ. ಮನೆಯ ಶವರಿನ ಲೆಕ್ಕದಲ್ಲಿ ನೂರು ಜನರ ಸ್ನಾನಕ್ಕೆ ಸುಮಾರು 4,750 ಲೀಟರ್ ಬೇಕು, ಅದು ಟ್ಯಾಂಕರಿನ ಮಾತು. ಬಕೆಟ್ಟಿನ ಲೆಕ್ಕದಲ್ಲಿ 1,500 ಸಾಕು, ತಾರಸಿಯ ಮೇಲಿನ ಎರಡು ಸಾಧಾರಣ ಟ್ಯಾಂಕು ಅದನ್ನು ಹಿಡಿಯುತ್ತವೆ. ಗುಜರಾತಿನ ಬಿಸಿಲಿನಲ್ಲಿ ವರ್ಷದ ಬಹುಪಾಲು ಅದನ್ನು ಸೂರ್ಯನೇ ಕಾಯಿಸಿಕೊಡುತ್ತಾನೆ.

ಬೆಂಗಳೂರು 2024ರ ಬೇಸಿಗೆಯಲ್ಲಿ ಒಣಗಿದಾಗ ಜಲಮಂಡಳಿ ನಲ್ಲಿಗಳಿಗೆ ಏರೇಟರ್ ಹಾಕಿಸಿ ಎಂದು ಆದೇಶಿಸಿತು, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದಿತು. ದಂಡದ ಹೆದರಿಕೆಯಲ್ಲಿ ಉಳಿದ ನೀರು ಮಳೆ ಬಂದ ದಿನ ಮರೆತುಹೋಗುತ್ತದೆ. ಸುಖ ಕೆಡದಂತೆ ಉಳಿಸುವ ರೂಢಿ ಮಾತ್ರ ಉಳಿಯುತ್ತದೆ.

ಆದ್ದರಿಂದ ಕೇಳಬೇಕಾದ್ದು ಮೂರು. ಕಾರವಾನ್ ಕಟ್ಟುವವರು ‘ಮನೆಯಂಥ ಶವರ್’ ಎಂಬ ಮಾತು ಬಿಟ್ಟು, ಒಂದು ಸ್ನಾನಕ್ಕೆ ಎಷ್ಟು ಲೀಟರ್ ಎಂದು ಬರೆಯಲಿ. ಬಕೆಟ್ಟಿಗೆ ಜಾಗ, ಕೈಶವರಿಗೆ ಒತ್ತುಗುಂಡಿ ಕೊಡಲಿ. ಮಂಜಲ್‌ಪುರದಲ್ಲೋ ಬೆಂಗಳೂರಿನಲ್ಲೋ ಅಪಾರ್ಟ್‌ಮೆಂಟು ಕಟ್ಟುವವರು ಬಕೆಟ್ಟು ಇಡಲೂ ಆಗದ ಗಾಜಿನ ಗೂಡನ್ನು ಐಷಾರಾಮ ಎಂದು ಮಾರುವುದನ್ನು ನಿಲ್ಲಿಸಲಿ. ಹೆದ್ದಾರಿಯ ಪ್ರತಿ ತಂಗುದಾಣದಲ್ಲಿ ಹೆಂಗಸರಿಗೂ ಗಂಡಸರಿಗೂ ಚಿಲಕವಿರುವ ಬಚ್ಚಲು ಮತ್ತು ತಲೆಗೆ ಹದಿನೈದು ಲೀಟರ್ ಬಿಸಿನೀರು ನಿಯಮವಾಗಲಿ. ಮೂರನೆಯದಕ್ಕೆ ಬೇಕಾದ ನೀರು ಮೊದಲಿನ ಎರಡರಲ್ಲೇ ಉಳಿದಿರುತ್ತದೆ.