ಕೊತ್ತಂಬರಿ ಬರೆಯಲು ಬಾರದ ಯಂತ್ರ

ಜೋಗಿಮಟ್ಟಿ ರಸ್ತೆಯ ಕಡೆ ನನ್ನ ನಾದಿನಿಯದೊಂದು ದಿನಸಿ ಅಂಗಡಿಯಿದೆ. ಬೆಳಗ್ಗೆ ಬೆಟ್ಟದ ಕಡೆ ತಿರುಗಾಡಲು ಹೋದವರು ಮರಳುವಾಗ ಹಾಲು, ಕೊತ್ತಂಬರಿ ಬೀಜ, ಅರ್ಧ ಕೆ.ಜಿ. ಶೇಂಗಾ ಎಂದು ಕೊಂಡು ಹೋಗುತ್ತಾರೆ. ಗಲ್ಲಾದ ಮುಂದೆ ಕೂರುವವಳು ಅವಳೇ. ಆದರೆ ಅಂಗಡಿಗೆ ಬಿಲ್ಲಿನ ಯಂತ್ರ ತರಬೇಕೆಂದಾಗ ಅದನ್ನು ಆರಿಸಲು ಕೂತವರು ಯಾರು? ಅವಳ ಗಂಡ, ಬೆಂಗಳೂರಿನಿಂದ ಬಂದ ಮಗ, ಟೈ ಕಟ್ಟಿಕೊಂಡ ಮಾರಾಟದ ಹುಡುಗ. ಇವಳು ಒಳಗೆ ಕಾಫಿ ಸೋಸುತ್ತಿದ್ದಳು.

ನನ್ನ ತಕರಾರು ಶುರುವಾಗುವುದೇ ಇಲ್ಲಿ. "ಮಷೀನಿನ ವಿಷಯ ನಿನಗೆ ಗೊತ್ತಾಗೋಲ್ಲ, ಸುಮ್ಮನಿರು" ಎನ್ನುವ ಮಾತನ್ನು ನಾವು ಮಿಕ್ಸಿಯಿಂದ ಮೊಬೈಲಿನವರೆಗೆ ಕೇಳಿಕೊಂಡೇ ಬಂದಿದ್ದೇವೆ. ಆ ಮಾತು ಹೇಳುವವರು ಮಿಕ್ಸಿಯನ್ನು ಒಂದು ದಿನವೂ ತೊಳೆದವರಲ್ಲ. ಯಾರ ಬೆರಳು ದಿನಕ್ಕೆ ನೂರು ಸಲ ಅದನ್ನು ಒತ್ತುತ್ತದೋ ಅವರನ್ನು ಕೇಳದೆ ಯಂತ್ರ ಕೊಳ್ಳುವುದು, ಕಾಲಿನ ಅಳತೆ ತೆಗೆಯದೆ ಚಪ್ಪಲಿ ಕೊಂಡಂತೆ.

ಬಂದ ಯಂತ್ರ ನೋಡಲು ಚೆಂದವಾಗಿತ್ತು. ಮುಟ್ಟಿದರೆ ಹೊಳೆಯುವ ಪರದೆ, ಪಟ್ಟೆ ಓದುವ ಕೆಂಪು ದೀಪ. ಸೋಪಿನ ಮೇಲೆ ಪಟ್ಟೆ ಇದೆ, ಸರಿ. ಬೆಲ್ಲದ ಅಚ್ಚಿನ ಮೇಲೆ ಯಾವ ಪಟ್ಟೆ ಇರುತ್ತದೆ? ತೊಗರಿಬೇಳೆ, ಒಣಮೆಣಸಿನಕಾಯಿ, ಹುಣಸೆಹಣ್ಣು—ಅರ್ಧಕ್ಕಿಂತ ಹೆಚ್ಚು ವ್ಯಾಪಾರ ಬಿಡಿ ಸಾಮಾನಿನದು. ತಕ್ಕಡಿಗೂ ಯಂತ್ರಕ್ಕೂ ಸಂಬಂಧವೇ ಇರಲಿಲ್ಲ. ತೂಗಿ, ಅಂಕಿ ಓದಿ, ಮತ್ತೆ ಒತ್ತಬೇಕು. ಎದುರಿಗೆ ನಿಂತವರು "ಬೇಗ ಕೊಡಕ್ಕಾ" ಎನ್ನುತ್ತಾರೆ. ಉದ್ರಿ ಬರೆಯಲು ಅದರಲ್ಲಿ ಜಾಗವೇ ಇರಲಿಲ್ಲ. ಸಂಬಳದ ದಿನದವರೆಗೆ ಸಾಲ ಹೇಳುವ ಮನೆಗಳಿಲ್ಲದೆ ನಮ್ಮೂರಲ್ಲಿ ಯಾವ ಅಂಗಡಿ ನಡೆದೀತು? ಬೆಟ್ಟಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿದ್ದರೂ ಕೆಳಗೆ ಕರೆಂಟು ಹೋಗುವುದು ನಿಂತಿಲ್ಲ. ಯಂತ್ರದಲ್ಲಿ ಬ್ಯಾಟರಿ ಇರಲಿಲ್ಲ. ಇನ್ನು ಆ ಬಿಲ್ಲಿನ ಕಾಗದ. ಅದರಲ್ಲಿ ಶಾಯಿ ಇಲ್ಲ, ಕಾಗದದ ಲೇಪನ ಶಾಖಕ್ಕೆ ಕಪ್ಪಾಗುತ್ತದೆ, ಅಷ್ಟೆ. ಬಿಸಿಲಿಗಿಟ್ಟರೆ ಅಕ್ಷರ ಮಾಸುತ್ತದೆ. ನೋಂದಣಿಯಾದ ಅಂಗಡಿ ಲೆಕ್ಕವನ್ನು ಆರು ವರ್ಷಕ್ಕೂ ಮಿಕ್ಕಿ ಕಾಪಾಡಬೇಕೆನ್ನುತ್ತದೆ ಜಿಎಸ್‌ಟಿ ಕಾನೂನು.

ಇದೆಲ್ಲ ಸಹಿಸಬಹುದಿತ್ತು. 2025ರ ಸೆಪ್ಟೆಂಬರ್ 22ರಂದು ತೆರಿಗೆ ದರಗಳು ಬದಲಾದವು. ಸೋಪು, ತಲೆಗೆಣ್ಣೆ, ಬಿಸ್ಕತ್ತು ನೂರಕ್ಕೆ 18ರಿಂದ 5ಕ್ಕೆ ಇಳಿದವು. ತುಪ್ಪ 12ರಿಂದ 5ಕ್ಕೆ. ಹಳೆಯ ದರ ತಿದ್ದಿಕೊಡಿ ಎಂದು ಕೇಳಿದರೆ, ಮಾರಿದವರು "ಮೊದಲು ವರ್ಷದ ಬಾಡಿಗೆ ಕಟ್ಟಿ" ಅಂದರು. ಬಾಡಿಗೆಯೇ? ಕೊಂಡದ್ದಲ್ಲವೇ? ಪೆಟ್ಟಿಗೆ ಕೊಂಡದ್ದು, ಒಳಗಿನ ಬುದ್ಧಿ ಬಾಡಿಗೆಯದು! ಹಣ ಕಟ್ಟುವವರೆಗೆ ಎರಡು ವರ್ಷದ ಲೆಕ್ಕವೆಲ್ಲ ಅದರೊಳಗೆ ಬೀಗ ಹಾಕಿಕೊಂಡು ಕೂತಿತು. ಎಂಟು ದಿನ ಅವಳು ಕೈಯಲ್ಲೇ ಬಿಲ್ಲು ಬರೆದಳು. ತನ್ನ ಅಂಗಡಿಯ ಲೆಕ್ಕ ತಾನು ನೋಡಲು ಪರರ ಅಪ್ಪಣೆ ಬೇಕೆಂದರೆ, ಅದು ವ್ಯಾಪಾರವೋ ಒತ್ತೆಯೋ ನೀವೇ ಹೇಳಿ.

ಹಾಗಾದರೆ ಯಂತ್ರವೇ ಬೇಡ, ನಗದೇ ಸಾಕು ಎನ್ನುವವರೂ ಇದ್ದಾರೆ. ಅವರೊಂದಿಗೂ ನನ್ನ ಜಗಳವಿದೆ. 2025ರ ಜುಲೈನಲ್ಲಿ ಯುಪಿಐಗೆ ಬಂದ ಹಣ ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿಯ ನೋಟಿಸು! ತರಕಾರಿಗೆ ತೆರಿಗೆಯೇ ಇಲ್ಲ. ಬೆಂಗಳೂರಿನ ಅಂಗಡಿಗಳಲ್ಲಿ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಚೀಟಿಗಳು ಎದ್ದವು. ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೇಳಿದ ಮೇಲೆ ಗಲಾಟೆ ತಣ್ಣಗಾಯಿತು. ಆದರೆ ಒಂದು ಮಾತು ಯೋಚಿಸಿ. ಸಾಮಾನು ಮಾರುವವರಿಗೆ ನೋಂದಣಿಯ ಗಡಿ ವರ್ಷಕ್ಕೆ 40 ಲಕ್ಷ. ದಿನಕ್ಕೆ ಭಾಗಿಸಿದರೆ ಹನ್ನೊಂದು ಸಾವಿರವೂ ಆಗುವುದಿಲ್ಲ. ಬಂದ ಹಣದಲ್ಲಿ ಹಾಲಿನದೆಷ್ಟು, ಸೋಪಿನದೆಷ್ಟು, ತಂಗಿ ತೀರಿಸಿದ ಕೈಸಾಲ ಎಷ್ಟು ಎಂದು ಫೋನಿಗೆ ತಿಳಿಯದು. ಅದನ್ನು ಬಿಡಿಸಿ ಹೇಳುವುದು ಬಾಬುವಾರು ಲೆಕ್ಕ ಮಾತ್ರ. ಚೀಟಿ ಅಂಟಿಸಿ ಕೂತವರ ಕೈಯಲ್ಲಿ ಅದಿಲ್ಲ.

ಆದ್ದರಿಂದ ಯಂತ್ರ ಬೇಕು, ಅವಳೇ ಆರಿಸಬೇಕು ಎಂದು ನಾನು ಹಟ ಹಿಡಿದೆ. ಎರಡನೇ ಸಲ ಬಂದ ಹುಡುಗನನ್ನು ಅವಳು ಗಲ್ಲಾದ ಹಿಂದೆಯೇ ಕೂರಿಸಿದಳು. ಶನಿವಾರ ಸಂಜೆ, ಜನ ತುಂಬಿದ ಹೊತ್ತು. ತಕ್ಕಡಿ ಜೋಡಿಸು ಅಂದಳು, ಜೋಡಿಸಿದ. ನೆಟ್‌ವರ್ಕು ತೆಗೆದು ಬಿಲ್ಲು ಮಾಡು ಅಂದಳು; ಆಯಿತು. ನಾಳೆ ನಿನ್ನನ್ನು ಬಿಟ್ಟರೆ ನನ್ನ ಲೆಕ್ಕವನ್ನೆಲ್ಲ ಪೆನ್‌ಡ್ರೈವಿಗೆ ತುಂಬಿಕೊಡುತ್ತೀಯಾ, ಕಾಗದದಲ್ಲಿ ಬರೆದುಕೊಡು ಅಂದಳು. ತಲೆ ಕೆರೆದುಕೊಂಡು ಬರೆದುಕೊಟ್ಟ.

ನಾನು ಪಕ್ಕದಲ್ಲೇ ಇದ್ದೆ, ಮೇಷ್ಟ್ರ ಬುದ್ಧಿ ಸುಮ್ಮನಿರಬೇಕಲ್ಲ! "ಕನ್ನಡದಲ್ಲಿ ಬಿಲ್ಲು ಹೊಡೆಯಪ್ಪ, ಕೊತ್ತಂಬರಿ ಅಂತ ಬರೆ" ಅಂದೆ. ಚೀಟಿ ಬಂತು. ತಕಾರದ ಒತ್ತು ಕೆಳಗಿರುವ ಬದಲು ಪಕ್ಕದಲ್ಲಿ ಒಂಟಿಯಾಗಿ ನಿಂತಿತ್ತು. ಮೂರನೇ ತರಗತಿಯ ಮಗು ಹೀಗೆ ಬರೆದರೆ ನಾನು ಅಂಕ ಕಳೆಯುತ್ತೇನೆ. ನಮ್ಮಲ್ಲಿ ಸಾಮಾನು ಒಯ್ಯುವ ಅಜ್ಜಿಯರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಬಿಲ್ಲು ಅವರಿಗಾಗಿ ತಾನೆ ಇರುವುದು?

"ಮುಂದಿನ ಅಪ್‌ಡೇಟಿನಲ್ಲಿ ಸರಿಹೋಗುತ್ತೆ ಮೇಡಂ" ಅಂದ ಹುಡುಗ.

"ಸರಿಹೋದ ಮೇಲೆ ಬಾಪ್ಪ, ಹಣ ಆಗ ಕೊಡ್ತೀನಿ" ಅಂದಳು ನಾದಿನಿ, ಮುಂದೆ ನಿಂತವರಿಗೆ ಶೇಂಗಾ ತೂಗುತ್ತಾ. ಹದಿನೈದು ದಿನಕ್ಕೆ ಬಂದ. ಒತ್ತು ತನ್ನ ಜಾಗಕ್ಕೆ ಬಂದಿತ್ತು.