ಕೀಮಾ ಮೆಷಿನ್ ಕೊಳ್ಳುವ ಮುಂಚೆ ಗುಂಡು ಯಾವುದೆಂದು ಕೇಳಿ

ಡಿಗ್ರಿಯಲ್ಲಿ ಜೊತೆಗಿದ್ದ ಗೆಳತಿ ಈಗ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದಾಳೆ. ಅಲ್ಲಿ ನವೆಂಬರ್ ಬಂತೆಂದರೆ ಒಂಬತ್ತು ದಿನ ಬಂದೂಕು ಹಿಡಿದು ಜಿಂಕೆ ಬೇಟೆಯಾಡಲು ಸರ್ಕಾರವೇ ಪರವಾನಗಿ ಕೊಡುತ್ತದೆ. ಪಕ್ಕದ ಮನೆಯ ಅಜ್ಜ ತಾನು ಹೊಡೆದದ್ದರಲ್ಲಿ ಇವಳ ಮನೆಗೂ ಒಂದು ಪಾಲು ಕಳಿಸುತ್ತಾರೆ. (ನಮ್ಮೂರಲ್ಲಿ ಹೀಗೆ ಪಾಲು ಹಂಚಿದರೆ ಅರಣ್ಯ ಇಲಾಖೆಯ ಜೀಪು ಬಾಗಿಲಿಗೆ ಬರುತ್ತದೆ, 1972ರ ಕಾಯ್ದೆ ಇದೆ.)

ಕಳೆದ ವಾರ ಎರಡು ಗ್ರೈಂಡರ್‌ಗಳ ಫೋಟೊ ಕಳಿಸಿದಳು. “ಸಾಸೇಜ್ ಮಾಡ್ಬೇಕು ಮಾರಾಯ್ತಿ, ಯಾವುದು ತಗೊಳ್ಳಲಿ? ಒಂದು 500 ವ್ಯಾಟ್, ಇನ್ನೊಂದು 3000.”

ನಾನು ಜಿಂಕೆ ತಿಂದವಳಲ್ಲ. ಆದರೆ ಅಪ್ಪನದು ಮಟನ್ ಅಂಗಡಿ, ಕೀಮಾ ಮೆಷಿನ್ ತೊಳೆಯುತ್ತಲೇ ದೊಡ್ಡವಳಾದೆ. ಹಾಗಾಗಿ ಮಾತಾಡುವ ಹಕ್ಕು ಸ್ವಲ್ಪ ಇದೆ ಅಂದುಕೊಂಡಿದ್ದೇನೆ.

ಮೊದಲು ಆ 3000ದ ಕಥೆ. ಅಲ್ಲಿನ ಮನೆಯ ಸಾಮಾನ್ಯ ಪ್ಲಗ್ಗಿನಲ್ಲಿ 120 ವೋಲ್ಟ್, 15 ಆಂಪಿಯರ್. ಗುಣಿಸಿ ನೋಡಿ, 1800 ವ್ಯಾಟ್. ಅದಕ್ಕಿಂತ ಹೆಚ್ಚು ಎಳೆಯುತ್ತಾ ಓಡಿದರೆ ಫ್ಯೂಸೇ ಹೋಗುತ್ತದೆ. ಡಬ್ಬದ ಮೇಲಿನ ದೊಡ್ಡ ಸಂಖ್ಯೆ ಹೆಚ್ಚಾಗಿ ಮೋಟಾರು ಸಿಕ್ಕಿಹಾಕಿಕೊಂಡ ಆ ಒಂದು ಕ್ಷಣದ್ದು, ಓಡುವಾಗಿನದ್ದಲ್ಲ. ನೋಡಬೇಕಾದ್ದು ಬಾಯಿಯ ಅಳತೆ. ಅದನ್ನು 8, 12, 22 ಎಂಬ ನಂಬರಿನಲ್ಲಿ ಹೇಳುತ್ತಾರೆ. ವರ್ಷಕ್ಕೆ ಒಂದೆರಡು ಜಿಂಕೆಯ ಪಾಲಿಗೆ 8 ಸಾಕು, ಕೈ ಬಿಚ್ಚುವುದಾದರೆ 12. ಬಾಯಿ, ಸ್ಕ್ರೂ, ಜಾಲರಿ ಎಲ್ಲ ಲೋಹದ್ದೇ ಇರಲಿ. ಬ್ಲೇಡಿನ ಚಪ್ಪಟೆ ಮೈ ಜಾಲರಿಗೆ ಒತ್ತಿ ಕೂರಬೇಕು. ತಿರುಗಿಸಿ ಹಾಕಿದರೆ ಮಾಂಸ ಕತ್ತರಿಸುವುದಿಲ್ಲ, ಜಜ್ಜಿಹೋಗುತ್ತದೆ. ಅಂಗಡಿಗೆ ಹೊಸ ಹುಡುಗ ಸೇರಿದಾಗಲೆಲ್ಲ ಅಪ್ಪ ಬೈಯುತ್ತಿದ್ದದ್ದು ಇದಕ್ಕೇ.

ಜಿಂಕೆ ಮಾಂಸದಲ್ಲಿ ಕೊಬ್ಬು ತೀರಾ ಕಡಿಮೆ. ಅದಕ್ಕೇ ನಾಲ್ಕರಲ್ಲಿ ಒಂದು ಪಾಲಿನಷ್ಟು ಹಂದಿ ಕೊಬ್ಬು ಸೇರಿಸುತ್ತಾರೆ. ಆ ಕೊಬ್ಬು ಬಿಸಿಯಾಗಿ ಕರಗಿ ಮೆತ್ತಿಕೊಂಡರೆ ಸಾಸೇಜ್ ಬಾಯಲ್ಲಿ ಮರಳು ಮರಳಾಗುತ್ತದೆ. ಮಾಂಸ ಅರ್ಧ ಹೆಪ್ಪುಗಟ್ಟಿರಲಿ, ಮೆಷಿನ್ನಿನ ತಲೆಯನ್ನೂ ಫ್ರೀಜರಿನಲ್ಲಿಟ್ಟು ತೆಗೆಯಿರಿ. ಬಿಳಿ ನರಗಳನ್ನು ಚಾಕುವಿನಲ್ಲೇ ಬಿಡಿಸಿ, ಇಲ್ಲದಿದ್ದರೆ ಸ್ಕ್ರೂಗೆ ಹಗ್ಗದಂತೆ ಸುತ್ತಿಕೊಳ್ಳುತ್ತವೆ. ಇಷ್ಟು ಮಾಡಿದರೆ ಆ 500 ವ್ಯಾಟಿನದ್ದೇ ಅವಳಿಗೆ ಬೇಕಾದಷ್ಟಾಯಿತು.

ಆದರೆ ನಾನು ಅವಳಿಗೆ ತಿರುಗಿ ಕೇಳಿದ್ದು ಬೇರೆಯೇ. “ಅಜ್ಜ ಯಾವ ಗುಂಡು ಹಾಕ್ತಾರೆ?”

ಸೀಸದ ರೈಫಲ್ ಗುಂಡು ಮೈ ಹೊಕ್ಕ ಕೂಡಲೇ ಒಡೆಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಗಾಯದಿಂದ ಒಂದಡಿಗೂ ಆಚೆ ಸಿಕ್ಕಿದ್ದಿದೆ. ಇಡೀ ತುಂಡು ಮಾಂಸವಾದರೆ ಗಾಯದ ಸುತ್ತ ಧಾರಾಳವಾಗಿ ಕೊಯ್ದು ಬಿಸಾಡಬಹುದು. ಗ್ರೈಂಡರಿಗೆ ಹಾಕಿದರೆ ಒಂದು ಚೂರು ಇಡೀ ಬುಟ್ಟಿಗೆ ಹಂಚಿಹೋಗುತ್ತದೆ. 2008ರಲ್ಲಿ ನಾರ್ತ್ ಡಕೋಟದಲ್ಲಿ ಬಡವರಿಗೆ ಹಂಚಲು ಬೇಟೆಗಾರರು ದಾನ ಕೊಟ್ಟಿದ್ದ ಜಿಂಕೆ ಕೀಮಾದಲ್ಲಿ ಸೀಸ ಸಿಕ್ಕಿ, ಅದನ್ನು ಎಸೆಯಿರಿ ಎಂದು ಅಲ್ಲಿನ ಅಧಿಕಾರಿಗಳು ಹೇಳಬೇಕಾಯಿತು. ಕ್ಯಾಲಿಫೋರ್ನಿಯಾದಲ್ಲಂತೂ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡೇ ನಿಷೇಧ. ತಾಮ್ರದ ಗುಂಡು ಇದೆ, ಅದು ಹೀಗೆ ಚೂರಾಗುವುದಿಲ್ಲ.

ಗೆಳತಿಯ ಮಗಳಿಗೆ ಮೂರು ವರ್ಷ. ಸೀಸ ಮೊದಲು ಕೆಡಿಸುವುದು ಆ ವಯಸ್ಸಿನ ಮಕ್ಕಳ ಮಿದುಳನ್ನು. ಬೇಯಿಸಿದರೆ ಹುಳ, ಬ್ಯಾಕ್ಟೀರಿಯಾ ಸಾಯಬಹುದು, ಸೀಸ ಎಲ್ಲಿಗೂ ಹೋಗುವುದಿಲ್ಲ. ಗ್ರೈಂಡರ್ ಮಾರುವವರು ವ್ಯಾಟ್ ಹೇಳುತ್ತಾರೆ, ಸ್ಟೀಲ್ ಹೇಳುತ್ತಾರೆ, ವಾರಂಟಿ ಹೇಳುತ್ತಾರೆ. ಇದನ್ನೂ ಒಂದು ಸಾಲಿನಲ್ಲಿ ಡಬ್ಬದ ಮೇಲೆ ಹಾಕಿದರೆ ಅವರ ಗಂಟೇನು ಹೋಗುತ್ತದೆ?

ಕೊಡುವ ಕೈಯನ್ನು ಪ್ರಶ್ನೆ ಕೇಳುವುದು ಹೇಗೆಂದು ಅವಳಿಗೆ ಮುಜುಗರ. ನಮ್ಮ ಕಡೆಯವರಿಗೆ ಅದು ಇರುವುದೇ. ಆದರೂ ಹೋಗಿ ಕೇಳಿದಳು. ಅಜ್ಜ ಬೇಜಾರು ಮಾಡಿಕೊಳ್ಳಲಿಲ್ಲ, ಒಳಗೆ ಹೋಗಿ ಗುಂಡಿನ ಡಬ್ಬ ತಂದು ತೋರಿಸಿದರಂತೆ. ಸೀಸದ್ದೇ.

ಈ ಸಲ ಅವಳು ತೊಡೆಯ ಇಡೀ ತುಂಡು ಮಾತ್ರ ಇಸ್ಕೊಂಡಿದ್ದಾಳೆ. ಮೆಷಿನ್ ಇನ್ನೂ ಕೊಂಡಿಲ್ಲ.