ಕಲ್ಲುಗೋಡೆಯ ದಾರಿಯಲ್ಲಿ ಉಳಿದ ಹಾಡು

ಮನೆಯ ಹಿರಿಯರು ಮಕ್ಕಳ ಹಾಡನ್ನು ಹಳಿಯುವುದು ಹೊಸ ಸಂಗತಿಯೇನಲ್ಲ. ನಾವು ಬಾಲ್ಯದಲ್ಲಿ ರೇಡಿಯೋದ ಮುಂದೆ ಕುಳಿತು ಕೇಳುತ್ತಿದ್ದ ಗೀತೆಗಳನ್ನು ನಮ್ಮ ತಂದೆಯವರು ‘ಗದ್ದಲ’ವೆಂದೇ ಕರೆಯುತ್ತಿದ್ದರು. ಅಂದು ನಮಗೆ ನೋವಾಗುತ್ತಿತ್ತು. ಆ ನೋವನ್ನು ಮರೆತು ಇಂದು ನಾವೂ ಅದೇ ಮಾತನ್ನು ಮೊಮ್ಮಕ್ಕಳಿಗೆ ಹೇಳುತ್ತಿದ್ದೇವೆ. ಓದುಗ ಬಂಧುಗಳೆ, ಈ ತಿಂಗಳ ಅಂಕಣವನ್ನು ಇಂತಹ ನಮ್ಮದೇ ತಪ್ಪೊಂದರಿಂದ ಆರಂಭಿಸುತ್ತಿದ್ದೇವೆ.

ಕಳೆದ ಬೇಸಿಗೆಯ ರಜೆಯಲ್ಲಿ ಮನೆಗೆ ಬಂದಿದ್ದ ಮೊಮ್ಮಗಳು ಕೊರಿಯ ದೇಶದ ಧಾರಾವಾಹಿಯೊಂದನ್ನು ನೋಡುತ್ತ ಕುಳಿತಿದ್ದಳು. ಹಿನ್ನೆಲೆಯಲ್ಲಿ ಮೆಲ್ಲನೆಯ ಹಾಡೊಂದು ತೇಲಿಬರುತ್ತಿತ್ತು. ಹುಡುಗಿಯ ಕಣ್ಣಂಚು ಒದ್ದೆಯಾಗಿತ್ತು. “ಒಂದಕ್ಷರವೂ ಅರ್ಥವಾಗದ ಭಾಷೆಯ ಹಾಡಿಗೆ ಕಣ್ಣೀರೇಕೆ? ಇಂದಿನ ಹಾಡುಗಳೆಲ್ಲ ಇಂದು ಹುಟ್ಟಿ ನಾಳೆ ಸಾಯುವಂಥವು” ಎಂದು ನಾವು ಸ್ವಲ್ಪ ಗಡುಸಾಗಿಯೇ ನುಡಿದೆವು. ಅವಳು ಸಿಟ್ಟಾಗಲಿಲ್ಲ. “ಅಜ್ಜ, ಇದು ಇಂದಿನ ಹಾಡಲ್ಲ. ನಿಮ್ಮ ಕಾಲದ್ದು, 1985ರದು” ಎಂದಳು. ನಮಗೆ ಮಾತೇ ಹೊರಡಲಿಲ್ಲ. ಕೇಳದೆಯೇ ತೀರ್ಪು ಕೊಟ್ಟಿದ್ದೆವಲ್ಲ! ಅಂದು ಅವಳ ಪಕ್ಕದಲ್ಲಿ ಕುಳಿತು ಕೇಳತೊಡಗಿದ ನಾವು ಅದರ ಹಿಂದಿನ ಕಥೆಯನ್ನು ತಿಳಿಯುತ್ತ ಹೋದೆವು. ಅದನ್ನೇ ಇಲ್ಲಿ ತಮ್ಮ ಮುಂದಿಡುತ್ತಿದ್ದೇವೆ.

ಆ ಧಾರಾವಾಹಿಯ ಹೆಸರು ‘ರಿಪ್ಲೈ 1988’. ದಕ್ಷಿಣ ಕೊರಿಯದ ರಾಜಧಾನಿ ಸಿಯೋಲ್ ನಗರದ ಒಂದು ಓಣಿ, ಅಲ್ಲಿನ ನೆರೆಹೊರೆಯ ಸಂಸಾರಗಳು, ಸಂಜೆಯಾದರೆ ಒಂದು ಮನೆಯ ಪಲ್ಯ ಇನ್ನೊಂದು ಮನೆಗೆ ತಟ್ಟೆಯಲ್ಲಿ ಹೋಗುವ ಸೊಗಸು, ಇವೇ ಅದರ ಜೀವಾಳ. 2015ರ ನವೆಂಬರಿನಿಂದ 2016ರ ಜನವರಿಯವರೆಗೆ ಅದು ಆ ದೇಶದಲ್ಲಿ ಪ್ರಸಾರವಾಯಿತು. ಅದರಲ್ಲಿ ಓ ಹ್ಯೊಕ್ ಎಂಬ ತರುಣ ಗಾಯಕ ಹಾಡಿದ ‘ಸೊನ್ಯೊ’, ಎಂದರೆ ‘ಹುಡುಗಿ’, ಎಂಬ ಗೀತೆ ಹೊಸ ಪೀಳಿಗೆಯ ಮನೆಮಾತಾಯಿತು. ಅದರ ಮೂಲ ಗಾಯಕರು ಲೀ ಮೂನ್-ಸೆ. ಗೀತೆಯನ್ನು ಬರೆದು ರಾಗ ಹಾಕಿದವರು ಲೀ ಯಂಗ್-ಹೂನ್. ಈ ಇಬ್ಬರ ಜೋಡಿಯಿಂದ ಬಂದ ಹಾಡುಗಳಲ್ಲಿ ಇಂದಿಗೂ ಕಲಶಪ್ರಾಯವೆಂದು ಅಲ್ಲಿನ ಜನ ಪ್ರೀತಿಸುವುದು 1988ರ ‘ಗ್ವಾಂಗ್‌ಹ್ವಾಮುನ್ ಯೊನ್‌ಗಾ’ ಎಂಬ ಗೀತೆಯನ್ನು. ‘ಯೊನ್‌ಗಾ’ ಎಂದರೆ ಒಲವಿನ ಹಾಡು. ಗ್ವಾಂಗ್‌ಹ್ವಾಮುನ್ ಎಂಬುದು ಸಿಯೋಲಿನ ಪ್ರಾಚೀನ ಅರಮನೆಯ ಹೆಬ್ಬಾಗಿಲು.

ಲೀ ಮೂನ್-ಸೆ ಅವರನ್ನು ಆ ನಾಡಿನ ತರುಣರು ಬಲ್ಲದ್ದು ಹಾಡಿನಿಂದ ಮಾತ್ರವಲ್ಲ. 1985ರಿಂದ 1996ರವರೆಗೆ ಅವರು ರಾತ್ರಿಯ ರೇಡಿಯೋ ಕಾರ್ಯಕ್ರಮವೊಂದನ್ನು ನಡೆಸಿಕೊಟ್ಟರು. ಪರೀಕ್ಷೆಗೆ ಓದುತ್ತ ಎಚ್ಚರವಾಗಿರುವ ವಿದ್ಯಾರ್ಥಿಗಳೇ ಅದರ ಮುಖ್ಯ ಶ್ರೋತೃಗಳು. ಅವರ ಪತ್ರಗಳನ್ನು ಓದಿ, ದುಃಖ ದುಮ್ಮಾನಗಳಿಗೆ ಕಿವಿಗೊಟ್ಟು, ನಡುನಡುವೆ ನಗಿಸುತ್ತಿದ್ದ ಈ ಗಾಯಕರನ್ನು ಜನ ‘ರಾತ್ರಿಯ ಶಿಕ್ಷಣ ಮಂತ್ರಿ’ ಎಂದು ಪ್ರೀತಿಯಿಂದ ಕರೆದರು. ಇತ್ತ ಲೀ ಯಂಗ್-ಹೂನ್ ಅವರದು ಇದಕ್ಕೆ ತದ್ವಿರುದ್ಧವಾದ ಬದುಕು. ನಾಟಕಗಳಿಗೆ, ನೃತ್ಯಗಳಿಗೆ ಸಂಗೀತ ರಚಿಸುತ್ತಿದ್ದ ಅವರು ತೆರೆಯ ಮುಂದೆ ಬಂದವರಲ್ಲ. 1985ರಲ್ಲಿ ಹೊರಬಂದ ಗಾಯಕರ ಮೂರನೆಯ ಗೀತಸಂಪುಟದಿಂದ ಈ ಇಬ್ಬರ ಸಹಯೋಗ ಆರಂಭವಾಯಿತು. 1987ರಲ್ಲಿ ನಾಲ್ಕನೆಯದು, 1988ರಲ್ಲಿ ಐದನೆಯದು ಬಂದವು. ಒಬ್ಬರು ಬರೆದರು, ಒಬ್ಬರು ಹಾಡಿದರು, ವಾದ್ಯಸಂಯೋಜನೆಯನ್ನು ಕಿಮ್ ಮ್ಯೊಂಗ್-ಗೊನ್ ಎಂಬುವರು ಮಾಡಿದರು.

ಈ ಹಾಡುಗಳು ಅಷ್ಟೊಂದು ಜನಪ್ರಿಯವಾದುದೇಕೆಂದು ತಿಳಿಯಬೇಕಾದರೆ ಅಂದಿನ ಕೊರಿಯವನ್ನು ಸ್ವಲ್ಪ ನೆನೆಯಬೇಕು. ಹಿರಿಯರು ಕೇಳುತ್ತಿದ್ದುದು ‘ಟ್ರಾಟ್’ ಎಂಬ ಹಳೆಯ ಧಾಟಿಯ, ದನಿಯನ್ನು ಕಂಪಿಸುತ್ತ ಹಾಡುವ ಗೀತೆಗಳನ್ನು. ಓದಿದ ತರುಣರಲ್ಲಿ ಬಹುಮಂದಿ ರೇಡಿಯೋದಲ್ಲಿ ಪಾಶ್ಚಾತ್ಯ ಹಾಡುಗಳನ್ನೇ ಅರಸುತ್ತಿದ್ದರು. ತಮ್ಮ ಭಾಷೆಯಲ್ಲಿ ತಮ್ಮ ವಯಸ್ಸಿನ ಭಾವಕ್ಕೆ ತಕ್ಕ ಹಾಡಿಲ್ಲವೆಂಬ ಕೊರಗು ಅವರದು. ಆಗ ಬಂದದ್ದು ಈ ‘ಬಲಾಡ್’ ಪ್ರಕಾರ. ಪಿಯಾನೋದ ಕೆಲವೇ ಸ್ವರಗಳಿಂದ ಆರಂಭವಾಗಿ, ಆಡುಮಾತಿನಷ್ಟೇ ಸರಳವಾಗಿ ದನಿ ತೆರೆದುಕೊಂಡು, ತಂತಿವಾದ್ಯಗಳು ಜೊತೆಗೂಡಿದಂತೆ ಮೆಲ್ಲಮೆಲ್ಲನೆ ಮೇಲೇರಿ, ಮತ್ತೆ ಮೌನಕ್ಕೆ ಇಳಿಯುವುದು ಅದರ ನಡೆ. ಇದರಲ್ಲಿ ಅಬ್ಬರವಿಲ್ಲ, ಕೂಗಾಟವಿಲ್ಲ, ಅಸಭ್ಯತೆಯ ಸೋಂಕೂ ಇಲ್ಲ. ಕೊರಿಯದ ಭಾಷೆಯ ಮಾತಿನ ಲಯವನ್ನು ಕೆಡಿಸದೆ ಹೊಸ ರಾಗಕ್ಕೆ ಹೊಂದಿಸಿದ್ದು ಈ ಜೋಡಿಯ ಸಾಧನೆ. ಅಲ್ಲಿಂದ ಮುಂದೆ ತರುಣರ ಕಿವಿ ತಮ್ಮ ನಾಡಿನ ಹಾಡಿನತ್ತ ಹೊರಳಿತು. 1987ರಲ್ಲಿ ಒಂದೇ ಒಂದು ಗೀತಸಂಪುಟವನ್ನು ಕೊಟ್ಟು ಅದೇ ವರ್ಷ ಅಕಾಲದಲ್ಲಿ ತೀರಿಕೊಂಡ ಯೂ ಜೆ-ಹಾ, 1990ರಲ್ಲಿ ಬೆಳಕಿಗೆ ಬಂದ ಶಿನ್ ಸುಂಗ್-ಹುನ್ ಮೊದಲಾದವರು ಇದೇ ಹೊಳೆಯನ್ನು ವಿಸ್ತಾರಗೊಳಿಸಿದರು. ಇಂದು ಕೊರಿಯದ ಧಾರಾವಾಹಿಗಳಲ್ಲಿ ಕೇಳಿಬರುವ ನಿಧಾನಗತಿಯ ಗೀತೆಗಳೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಈ ವಂಶಕ್ಕೆ ಸೇರಿದವು.

ಇನ್ನು ಹಾಡಿನ ವಸ್ತುವಿಗೆ ಬರೋಣ. ಕಥೆಯೆಂಬುದು ಅದರಲ್ಲಿ ಹೆಚ್ಚೇನೂ ಇಲ್ಲ. ಒಮ್ಮೆ ಇಬ್ಬರು ಜೊತೆಯಾಗಿ ನಡೆದಿದ್ದ ದಾರಿಗೆ ಒಬ್ಬರೇ ಮರಳಿ ಬರುವ ಚಿತ್ರ ಅಷ್ಟೆ. ಕಾಲದೊಡನೆ ಎಲ್ಲವೂ ಬದಲಾಗುತ್ತದೆ, ಆದರೆ ಆ ದಾರಿಯಲ್ಲಿ ಏನೋ ಒಂದು ಉಳಿದಿದೆ ಎಂಬ ಭಾವ. ವಿಶೇಷವೆಂದರೆ ಕವಿ ಇಲ್ಲಿ ಊಹೆಯ ಲೋಕವನ್ನು ಕಟ್ಟಿಲ್ಲ. ದೊಕ್ಸುಗುಂಗ್ ಅರಮನೆಯ ಕಲ್ಲುಗೋಡೆಯ ಬದಿಯ ದಾರಿ, ಜೊಂಗ್‌ದೊಂಗ್ ಬೀದಿಯ ಪುಟ್ಟ ಚರ್ಚು, ಹಿಮ ಬಿದ್ದ ಗ್ವಾಂಗ್‌ಹ್ವಾಮುನ್ ಚೌಕ, ಇವೆಲ್ಲ ಸಿಯೋಲಿನ ಜನ ನಿತ್ಯ ನಡೆದಾಡುವ ತಾಣಗಳು. ಆ ಚರ್ಚು 1897ರಲ್ಲಿ ಕಟ್ಟಿದ ಕೆಂಪು ಇಟ್ಟಿಗೆಯ ಕಟ್ಟಡ, ಇಂದಿಗೂ ಅಲ್ಲಿಯೇ ಇದೆ. ನಿಜವಾದ ಊರಿನ ನಿಜವಾದ ದಾರಿಯನ್ನು ಹೆಸರಿಟ್ಟು ಕರೆದುದರಿಂದಲೇ ಕೇಳುವ ಪ್ರತಿಯೊಬ್ಬರೂ ಅದರಲ್ಲಿ ತಮ್ಮ ಹೆಜ್ಜೆಯನ್ನು ಕಂಡರು.

ಆ ಕಲ್ಲುಗೋಡೆಯ ದಾರಿಯ ಬಗ್ಗೆ ಅಲ್ಲಿ ಒಂದು ನಂಬಿಕೆಯುಂಟು. ಪ್ರೀತಿಸುವ ಜೋಡಿ ಅಲ್ಲಿ ಕೂಡಿ ನಡೆದರೆ ಅಗಲುತ್ತಾರಂತೆ! ಇದಕ್ಕೆ ಜನ ಕೊಡುವ ಕಾರಣವೂ ಸ್ವಾರಸ್ಯಕರವಾಗಿದೆ. ಹಿಂದೆ ಕೌಟುಂಬಿಕ ನ್ಯಾಯಾಲಯ ಆ ಪರಿಸರದಲ್ಲಿದ್ದುದರಿಂದ ವಿಚ್ಛೇದನಕ್ಕೆ ಬಂದ ದಂಪತಿಗಳು ಕೊನೆಯ ಬಾರಿಗೆ ಜೊತೆಯಾಗಿ ನಡೆಯುತ್ತಿದ್ದುದು ಅದೇ ದಾರಿಯಲ್ಲಿ. ನ್ಯಾಯಾಲಯಗಳು ಅಲ್ಲಿಂದ ತೆರಳಿದವು. ಸರ್ವೋಚ್ಚ ನ್ಯಾಯಾಲಯವಿದ್ದ ಕಟ್ಟಡದಲ್ಲಿ 2002ರಿಂದ ಕಲಾ ಸಂಗ್ರಹಾಲಯವಿದೆ. ನಂಬಿಕೆ ಮಾತ್ರ ಉಳಿಯಿತು, ಹಾಡೂ ಉಳಿಯಿತು. ಅದೇ ದಾರಿಯ ಒಂದು ಭಾಗ ಬ್ರಿಟಿಷ್ ರಾಯಭಾರ ಕಚೇರಿಯ ಕಾರಣದಿಂದ ದಶಕಗಳ ಕಾಲ ಜನರಿಗೆ ಮುಚ್ಚಿತ್ತು. 2017ರಲ್ಲಿ 100 ಮೀಟರು, 2018ರ ಡಿಸೆಂಬರಿನಲ್ಲಿ ಉಳಿದ 70 ಮೀಟರು ತೆರವಾಗಿ, ಸುಮಾರು 1,100 ಮೀಟರಿನ ಸುತ್ತು ಪೂರ್ಣವಾಯಿತು. ಅಗಲಿಕೆಗೆ ಹೆಸರಾದ ದಾರಿಯೇ ಕೊನೆಗೊಮ್ಮೆ ಒಂದುಗೂಡಿತು.

ಹೆಬ್ಬಾಗಿಲಿನ ಕಥೆಯಂತೂ ಇನ್ನೂ ಮನಕಲಕುವಂಥದು. 1395ರಲ್ಲಿ ಮೊದಲು ಕಟ್ಟಿದ ಈ ದ್ವಾರವನ್ನು ಜಪಾನೀಯರ ಆಳ್ವಿಕೆಯಲ್ಲಿ, 1920ರ ದಶಕದಲ್ಲಿ, ಕಿತ್ತು ಬೇರೆಡೆ ಸಾಗಿಸಲಾಯಿತು. ಅದರ ಹಿಂದೆ ವಸಾಹತು ಸರಕಾರದ ಬೃಹತ್ ಕಚೇರಿ ಎದ್ದು ನಿಂತು ಅರಮನೆಯನ್ನೇ ಮರೆಮಾಡಿತು. 1950ರಲ್ಲಿ ಆರಂಭವಾದ ಕೊರಿಯ ಯುದ್ಧದಲ್ಲಿ ದ್ವಾರದ ಮರದ ಭಾಗ ಸುಟ್ಟುಹೋಯಿತು. 1968ರಲ್ಲಿ ಅದನ್ನು ಕಾಂಕ್ರೀಟಿನಲ್ಲಿ ಮರಳಿ ಕಟ್ಟಿದರು. ಲೀ ಮೂನ್-ಸೆ ಈ ಗೀತೆಯನ್ನು ಹಾಡಿದಾಗ ಅಲ್ಲಿದ್ದುದು ಆ ಕಾಂಕ್ರೀಟಿನ ದ್ವಾರ, ಅದರ ಹಿಂದೆ ಆ ಪರಕೀಯ ಕಟ್ಟಡ. 1995ರ ಆಗಸ್ಟ್ 15ರಂದು, ಸ್ವಾತಂತ್ರ್ಯದ ಐವತ್ತನೆಯ ವರ್ಷದಲ್ಲಿ, ಆ ಕಟ್ಟಡವನ್ನು ಕೆಡವಲು ತೊಡಗಿದರು. 2010ರ ಆಗಸ್ಟ್ 15ರಂದು ದ್ವಾರವು ಮರದಲ್ಲಿ ಪುನರ್ನಿರ್ಮಾಣಗೊಂಡು ತನ್ನ ಮೊದಲ ನೆಲೆಯಲ್ಲಿ ತೆರೆದುಕೊಂಡಿತು. ಎಲ್ಲವೂ ಬದಲಾಗುತ್ತದೆಂದು ಹಾಡಿದ ಗೀತೆಯ ಶೀರ್ಷಿಕೆಯಲ್ಲಿರುವ ಬಾಗಿಲೇ ಬದಲಾಯಿತು, ಹಾಡು ಮಾತ್ರ ಹಾಗೆಯೇ ಉಳಿಯಿತು! ಕಲ್ಲು ಮರಗಳಿಗಿಂತ ಹಾಡಿಗೆ ಆಯುಷ್ಯ ಹೆಚ್ಚೆಂದರೆ ಅತಿಶಯೋಕ್ತಿಯಾಗಲಾರದು.

ಹಾಡು ಉಳಿದುದು ಹೇಗೆ? ಬಾಯಿಂದ ಬಾಯಿಗೆ ಸಾಗಿ. 2004ರಲ್ಲಿ ಲೀ ಸೂ-ಯಂಗ್ ಎಂಬ ಗಾಯಕಿ ಇದನ್ನು ಮತ್ತೆ ಹಾಡಿದರು. ಮೂಲ ಹಾಡು ಬಂದಾಗ ಹುಟ್ಟಿಯೇ ಇರದಿದ್ದ ಮಕ್ಕಳು ಅವರ ದನಿಯಲ್ಲಿ ಇದನ್ನು ಕಲಿತರು. ಇದೇ ಐದನೆಯ ಸಂಪುಟದ ‘ಕೆಂಪು ಸಂಜೆ’ ಎಂಬ ಅರ್ಥದ ಇನ್ನೊಂದು ಗೀತೆಯನ್ನು 2008ರಲ್ಲಿ ‘ಬಿಗ್‌ಬ್ಯಾಂಗ್’ ಎಂಬ ತರುಣರ ತಂಡ ಕುಣಿತದ ಲಯಕ್ಕೆ ತಂದಿತು. 2014ರಲ್ಲಿ ಐಯು ಎಂಬ ಯುವ ಗಾಯಕಿ ನಾಲ್ಕನೆಯ ಸಂಪುಟದ ಗೀತೆಯೊಂದನ್ನು ಹಾಡಿದರು. 2011ರಲ್ಲಿ ಲೀ ಯಂಗ್-ಹೂನ್ ಅವರ ಗೀತೆಗಳನ್ನೇ ಪೋಣಿಸಿದ ಸಂಗೀತ ನಾಟಕವೊಂದು ‘ಗ್ವಾಂಗ್‌ಹ್ವಾಮುನ್ ಯೊನ್‌ಗಾ’ ಎಂಬ ಹೆಸರಿನಲ್ಲೇ ರಂಗಕ್ಕೆ ಬಂದಿತು. 2017ರಲ್ಲಿ ಹೊಸ ರೂಪ ತಾಳಿದ ಅದು ಮತ್ತೆ ಮತ್ತೆ ಪ್ರಯೋಗಗೊಂಡಿದೆ. ತಾಯಿ ಮಗಳು ಅಕ್ಕಪಕ್ಕ ಕುಳಿತು ಒಂದೇ ಹಾಡಿಗೆ ತಲೆದೂಗುವ ಭಾಗ್ಯ ಎಷ್ಟು ಹಾಡುಗಳಿಗೆ ದೊರೆಯುತ್ತದೆ?

ಆದರೆ ಈ ವೈಭವವನ್ನೆಲ್ಲ ನೋಡಲು ಗೀತಕಾರರು ಇರಲಿಲ್ಲ. ಲೀ ಯಂಗ್-ಹೂನ್ ಅವರು ಕ್ಯಾನ್ಸರಿನಿಂದ ನರಳಿ 2008ರ ಫೆಬ್ರವರಿ 14ರಂದು ತೀರಿಕೊಂಡರು. ಐವತ್ತು ವರ್ಷವೂ ತುಂಬಿರಲಿಲ್ಲ. ಮರುವರ್ಷ ಅದೇ ದಿನ, ಹಾಡಿನಲ್ಲಿ ಬರುವ ಅದೇ ಜೊಂಗ್‌ದೊಂಗ್ ಬೀದಿಯಲ್ಲಿ, ಚರ್ಚಿನ ಸಮೀಪ, ಅವರ ನೆನಪಿಗೆ ಒಂದು ಹಾಡಿನ ಸ್ಮಾರಕವನ್ನು ನಿಲ್ಲಿಸಿದರು. ರಾಜರಿಗೆ, ಸೇನಾನಿಗಳಿಗೆ ಸ್ಮಾರಕ ಎಲ್ಲ ನಾಡಿನಲ್ಲಿಯೂ ಉಂಟು. ತೆರೆಯ ಹಿಂದೆ ಕುಳಿತು ಹಾಡು ಬರೆದವನಿಗೆ, ಅವನು ಹಾಡಿದ ಬೀದಿಯಲ್ಲಿಯೇ ಸ್ಮಾರಕವೆತ್ತುವ ನಗರ ಅಪರೂಪ.

ಹಾಡಿದವರ ಬಾಳೂ ಹೂವಿನ ಹಾಸಿಗೆಯಾಗಿರಲಿಲ್ಲ. ಲೀ ಮೂನ್-ಸೆ ಅವರಿಗೆ ಥೈರಾಯ್ಡ್ ಗ್ರಂಥಿಯ ಕ್ಯಾನ್ಸರ್ ತಗುಲಿ 2007ರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆ ಗ್ರಂಥಿಯಿರುವುದು ಕೊರಳಲ್ಲಿ, ದನಿ ಹುಟ್ಟುವ ಜಾಗದ ಮಗ್ಗುಲಲ್ಲಿ. ಗಾಯಕನಾದವನಿಗೆ ಇದಕ್ಕಿಂತ ದೊಡ್ಡ ಭಯವುಂಟೆ? ಅವರು ಚೇತರಿಸಿಕೊಂಡು 2013ರ ಜೂನ್ 1ರಂದು ಸಿಯೋಲಿನ ಒಲಿಂಪಿಕ್ ಕ್ರೀಡಾಂಗಣದಲ್ಲಿ ಸುಮಾರು 50,000 ಜನರೆದುರು ಹಾಡಿದರು. 2014ರಲ್ಲಿ ರೋಗ ಮರುಕಳಿಸಿ ಮತ್ತೊಮ್ಮೆ ಶಸ್ತ್ರಚಿಕಿತ್ಸೆಯಾಯಿತು. 2015ರಲ್ಲಿ ಹದಿನೈದನೆಯ ಸಂಪುಟವನ್ನು ತಂದರು. ಜೊತೆಗಾರ ಹೋದ ಮೇಲೂ ಅವನು ಕೊಟ್ಟ ನುಡಿಗಳನ್ನು ತನ್ನ ದಣಿದ ಕೊರಳಲ್ಲಿ ಹೊತ್ತು ಸಾಗುವುದು ಸಣ್ಣ ಮಾತಲ್ಲ. ಇದನ್ನು ನಾವು ಸ್ನೇಹವೆನ್ನಬೇಕೋ, ಋಣವೆನ್ನಬೇಕೋ ತಿಳಿಯದು. ಎರಡೂ ಹೌದೇನೋ.

ಇಷ್ಟನ್ನೂ ತಿಳಿದುಕೊಂಡ ಮೇಲೆ ಒಂದು ಸಂಜೆ ಮೊಮ್ಮಗಳು, “ಈಗ ನಿಮ್ಮ ಕಾಲದ ನಿಮ್ಮ ಹಾಡೊಂದನ್ನು ಹೇಳಿ ಅಜ್ಜ” ಎಂದಳು. ಐವತ್ತು ವರ್ಷಗಳಿಂದ ಗುನುಗುತ್ತ ಬಂದ ಗೀತೆಯೊಂದನ್ನು ನಾವು ಉತ್ಸಾಹದಿಂದ ಹಾಡಿ ತೋರಿಸಿದೆವು. ಹಾಡಿದವರ ಹೆಸರನ್ನೂ ಹೆಮ್ಮೆಯಿಂದ ಹೇಳಿದೆವು. ಅವಳು ಕೇಳಿದ್ದು ಒಂದೇ ಪ್ರಶ್ನೆ: “ಬರೆದವರು ಯಾರು?” ನಮಗೆ ಹೇಳಲಾಗಲಿಲ್ಲ. ಸಂಗೀತ ನೀಡಿದವರ ಹೆಸರೂ ನಾಲಗೆಗೆ ಬರಲಿಲ್ಲ. ಅರ್ಧ ಶತಮಾನ ನಮ್ಮ ಸುಖದುಃಖಗಳಿಗೆ ಜೊತೆಯಾದ ನುಡಿಗಳು ಯಾರ ಮನಸ್ಸಿನಲ್ಲಿ ಹುಟ್ಟಿದವೆಂದು ಒಮ್ಮೆಯೂ ವಿಚಾರಿಸಿರಲಿಲ್ಲ. ದೂರದ ನಾಡಿನವರು ತಮ್ಮ ಗೀತಕಾರನಿಗೆ ಬೀದಿಯಲ್ಲಿ ಕಲ್ಲು ನಿಲ್ಲಿಸಿದ್ದನ್ನು ಮೆಚ್ಚಿ ಮಾತನಾಡುತ್ತಿದ್ದ ನಾವು ತಲೆ ತಗ್ಗಿಸಿದೆವು.

ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಈ ತಿಂಗಳು ತಮ್ಮ ಮನೆಯಲ್ಲಿ ಒಂದು ಸಂಜೆಯನ್ನು ಹಾಡಿಗಾಗಿ ಮೀಸಲಿಡಿರಿ. ಮಕ್ಕಳು ತಮಗೆ ಪ್ರಿಯವಾದ ಒಂದು ಹಾಡನ್ನು ಕೇಳಿಸಲಿ, ಅದು ಯಾವ ಭಾಷೆಯದಾದರೂ ಸರಿ. ಹಿರಿಯರು ತೀರ್ಪು ನೀಡದೆ ಪೂರ್ತಿ ಕೇಳಲಿ. ಬಳಿಕ ಹಿರಿಯರು ತಮ್ಮ ಒಂದು ಹಾಡನ್ನು ಹೇಳಲಿ. ಹಾಡಿದವರ ಜೊತೆಗೆ ಬರೆದವರ ಹೆಸರನ್ನೂ ಸೇರಿಸಿ ಹೇಳಲಿ. ತಿಳಿಯದಿದ್ದರೆ ಇಬ್ಬರೂ ಕೂಡಿ ಹುಡುಕಲಿ. ನಾವೂ ಮೊಮ್ಮಗಳೂ ಹುಡುಕಿದೆವು. ಎರಡು ದಿನ ಹಿಡಿಯಿತು. ಸಿಕ್ಕ ಹೆಸರನ್ನು ಅವಳು ನಮ್ಮ ಹಳೆಯ ಡೈರಿಯಲ್ಲಿ ದುಂಡಗಿನ ಅಕ್ಷರಗಳಲ್ಲಿ ಬರೆದಿಟ್ಟು, ಕೆಳಗಿನ ಸಾಲಿನಲ್ಲಿ ಲೀ ಯಂಗ್-ಹೂನ್ ಎಂದೂ ಬರೆದಿದ್ದಾಳೆ. ರಜೆ ಮುಗಿಸಿ ಅವಳು ಹಿಂತಿರುಗಿದ್ದಾಳೆ. ಆ ಪುಟವನ್ನು ನಾವು ಆಗಾಗ ತೆರೆದು ನೋಡುತ್ತೇವೆ.